ನುಂಗುಬಾಗಿಲಿಗೆ ನಾವು ಹಾಕಿಕೊಂಡ ಕಟ್ಟಳೆ

ಬಸವನಗುಡಿಯ ನಮ್ಮ ರೋಲ್‌ಪ್ಲೇ ಗುಂಪಿನಲ್ಲಿ, ಅಂದರೆ ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಕಥೆ ಆಡುವ ಗುಂಪಿನಲ್ಲಿ, ಒಂದೇ ಕಾಲ್ಪನಿಕ ನಾಡನ್ನು ಮೂವರು ಗೇಮ್ ಮಾಸ್ಟರ್‌ಗಳು (ಕಥೆ ನಡೆಸುವವರು) ಸರದಿಯ ಮೇಲೆ ಆಡಿಸುತ್ತೇವೆ. ಆಟಗಾರರು ಅವರೇ, ಪಾತ್ರಗಳೂ ಅವೇ. ಇಂಥ ಹಂಚಿಕೆಯ ನಾಡಿನಲ್ಲಿ ಪೋರ್ಟಲ್, ಅಂದರೆ ದೂರದ ಎರಡು ಜಾಗಗಳನ್ನು ಜೋಡಿಸುವ ಮಾಯಾಬಾಗಿಲು, ಇಟ್ಟರೆ ಭಯ ಬೇಗ ಸವೆಯುತ್ತದೆ. ಈ ವಾರ ಮೈಸುಟ್ಟ ಬಾಗಿಲು ಮರುವಾರ ಇನ್ನೊಬ್ಬರ ಕೈಯಲ್ಲಿ ಮೆಟ್ರೊ ಸ್ಟೇಷನ್ನಿನಂತೆ ಆಗಿಬಿಡುತ್ತದೆ. ಅದಕ್ಕೇ ನಾನು ಪ್ರತಿ ಬಾಗಿಲಿನ ಅಪಾಯಕ್ಕೂ ಒಂದು ಕಾರಣ ಕೊಡುತ್ತೇನೆ. ಆ ಕಾರಣವನ್ನು ಮೂವರೂ ಓದುವ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ನನಗೆ ತುಂಬ ಇಷ್ಟವಾದ ಬಾಗಿಲು ಹುಟ್ಟಿದ್ದು ಒಂದು ಲೆಕ್ಕದಿಂದ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿನ ಕಡಲತೀರಕ್ಕಿಂತ ಸುಮಾರು ಶೇ 10ರಷ್ಟು ಕಡಿಮೆ. ಈ ಎರಡು ಊರುಗಳ ನಡುವೆ ಮೂರಡಿ ಅಗಲ, ಏಳಡಿ ಎತ್ತರದ ಬಾಗಿಲೊಂದು ತೆರೆದರೆ? ಕದ ಹಾಕಿದ್ದರೆ ಅದರ ಮೇಲೆ ಬೀಳುವ ಬಲ ಎರಡು ಟನ್ ಭಾರಕ್ಕೆ ಸಮ. ಕದ ತೆಗೆದರೆ ಗಂಟೆಗೆ 400 ಕಿ.ಮೀ. ಮೀರಿದ ಗಾಳಿ ಕೆಳಗಿನೂರಿಂದ ಮೇಲಿನೂರಿಗೆ ನುಗ್ಗುತ್ತದೆ. ಕಡಲ ಕಡೆಯಿಂದ ಹೆಜ್ಜೆ ಇಟ್ಟವರು ಮೇಲೆ ಗೋಡೆಗೆ ಅಪ್ಪಳಿಸುತ್ತಾರೆ. ಮೇಲಿನಿಂದ ಇಳಿಯಲು ಹೊರಟವರು ಹತ್ತಿರವೂ ಸುಳಿಯಲಾರರು. ರಾಕ್ಷಸ ಬೇಡ, ಶಾಪ ಬೇಡ.

ಈ ಬಾಗಿಲನ್ನು ನಮ್ಮ ನಾಡಿನ ಒಂದು ಬೆಟ್ಟದೂರಿಗೂ ಬಂದರಿಗೂ ನಡುವೆ ಇಟ್ಟೆ. ಆಟಗಾರರಿಗೆ ಮೊದಲು ಬಾಗಿಲನ್ನು ತೋರಿಸಲಿಲ್ಲ, ಊರನ್ನು ತೋರಿಸಿದೆ. ಒಂದೇ ಸಾಲಿನ ಮನೆಗಳ ಹೆಂಚಿನ ಮೇಲೆ ಕಲ್ಲು ಹೇರಿದ್ದಾರೆ. ಮರಗಳೆಲ್ಲ ಒಂದೇ ಕಡೆಗೆ ಬಾಗಿವೆ. ಬೆಟ್ಟದ ನೆತ್ತಿಯಲ್ಲಿ ಒಣಮೀನಿನ ವಾಸನೆ. ಮಕ್ಕಳನ್ನು ಆ ಬೀದಿಗೆ ಬಿಡುವಾಗ ತಾಯಂದಿರು ಸೊಂಟಕ್ಕೆ ಹಗ್ಗ ಕಟ್ಟುತ್ತಾರೆ. ಅಪಾಯದ ಪಕ್ಕದಲ್ಲಿ ತಲೆಮಾರುಗಳಿಂದ ಬದುಕಿದವರು ಏನನ್ನೂ ಕಲಿಯದೆ ಇರುತ್ತಾರೆಂದರೆ ನಾನು ನಂಬುವುದಿಲ್ಲ. ಪೋರ್ಟಲ್ ನಂಬಿಕೆಗೆ ಅರ್ಹವಾಗುವುದು ಅದರ ಸುತ್ತಲಿನ ಜನರಿಂದಲೇ.

ತೆರೆಯುವ ಹೊತ್ತಿನ ಕಲ್ಪನೆ ಸಿಕ್ಕಿದ್ದು ನಮ್ಮ ಗವಿ ಗಂಗಾಧರೇಶ್ವರದಲ್ಲಿ. ಮಕರ ಸಂಕ್ರಾಂತಿಯ ಸಂಜೆ ಸೂರ್ಯರಶ್ಮಿ ನಂದಿಯ ಕೊಂಬುಗಳ ನಡುವಿಂದ ಹಾಯ್ದು ಲಿಂಗವನ್ನು ಮುಟ್ಟುತ್ತದಲ್ಲ, ಅದರೊಂದಿಗೆ ಯಾರೂ ಚೌಕಾಸಿ ಮಾಡಲಾಗದು. ನಮ್ಮ ಬಾಗಿಲೂ ಹಾಗೆ ಬೆಳಕು ಬಿದ್ದಷ್ಟೇ ಹೊತ್ತು ತೆರೆದಿರುತ್ತದೆ. ಮೂವರಿಗೂ ಒಂದೇ ಪಂಚಾಂಗ ಇರುವುದರಿಂದ ಯಾರ ಸರದಿಯಲ್ಲೂ ಅದು ಮನಬಂದಂತೆ ತೆರೆಯುವುದಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ರೋಲ್‌ಪ್ಲೇ ಆಟದ 2014ರ ನಿಯಮಗಳಲ್ಲೂ ಪೋರ್ಟಲ್ ತೆರೆಯುವ ಗೇಟ್ ಮಂತ್ರಕ್ಕೆ 5,000 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಏಕಾಗ್ರತೆ ಕೆಡದಿದ್ದರೂ ಅದು ನಿಲ್ಲುವುದು ಹೆಚ್ಚೆಂದರೆ ಒಂದು ನಿಮಿಷ. ಬೆಲೆ, ಅವಧಿ ಎರಡೂ ಗಟ್ಟಿಯಾಗಿದ್ದರೆ ಆಟಗಾರರು ಯೋಚಿಸಿ ಹೆಜ್ಜೆ ಇಡುತ್ತಾರೆ.

ಇನ್ನೊಬ್ಬರ ಪಾತ್ರವನ್ನು ಬಾಗಿಲೊಳಗೆ ತಳ್ಳುವ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಬೆಂಗಳೂರು ಕೋಟೆಯ ಬಾಗಿಲು ನಿಲ್ಲದೆ ಕುಸಿಯುತ್ತಿದ್ದಾಗ ಕೆಂಪೇಗೌಡರ ಸೊಸೆ ಲಕ್ಷ್ಮಮ್ಮ ಪ್ರಾಣ ಕೊಟ್ಟಳೆಂಬ ಐತಿಹ್ಯವನ್ನು ಮೇಜಿನಲ್ಲಿದ್ದ ಎಲ್ಲರೂ ಚಿಕ್ಕಂದಿನಿಂದ ಕೇಳಿದವರೇ. ಆ ಕಥೆ ಇಂದಿಗೂ ಎದೆ ಹಿಂಡುವುದು ಅವಳು ತಾನಾಗಿ ಹೋದಳೆಂಬುದಕ್ಕೆ. ನಮ್ಮಲ್ಲೂ ಹಾಗೆಯೇ: ಪಾತ್ರ ಯಾರದೋ ಅವರು ಒಪ್ಪದೆ ಅದು ಒಳಗೆ ಹೋಗುವುದಿಲ್ಲ. ದಾಳ ಏನೇ ಹೇಳಲಿ.

ನೋಟ್‌ಬುಕ್ಕಿನ ಕರಾರು ಚಿಕ್ಕದು. ಉಳಿದಿಬ್ಬರು ಬಾಗಿಲಿಗೆ ಹೊಸದನ್ನು ಸೇರಿಸಬಹುದು, ಆಗಿಹೋದ ಹಾನಿಯನ್ನು ಅಳಿಸುವಂತಿಲ್ಲ. ಗಾಳಿಗೆ ಸಿಕ್ಕು ಕೈ ಮುರಿದ ಕುಂಬಾರ ಮುಂದಿನವರ ಸರದಿಯಲ್ಲೂ ತಿಗರಿ ತಿರುಗಿಸಲಾರ.

ಕಾರಣ ಸ್ಥಿರವಾಗಿದ್ದರೆ ಆಟಗಾರರು ಅದನ್ನು ಬಿಡಿಸಿಬಿಡುತ್ತಾರೆ. ನನಗೆ ಬೇಕಿದ್ದೂ ಅದೇ. ಸಿವಿಲ್ ಎಂಜಿನಿಯರ್ ಆಗಿರುವ ಗೆಳತಿಯೊಬ್ಬಳು ಮೀನಿನ ವಾಸನೆ, ಬಾಗಿದ ಮರ, ಕಿವಿ ನೋವು ಮೂರನ್ನೂ ಜೋಡಿಸಿ ಒತ್ತಡದ ಗುಟ್ಟು ಹಿಡಿದಳು. ಈಗ ಅವಳ ಪಾತ್ರ ಬೆಟ್ಟದೂರಿನ ಬಡಗಿಗಳನ್ನು ಸೇರಿಸಿಕೊಂಡು ಎರಡು ಕದಗಳ ಕೋಣೆ ಕಟ್ಟಿಸುತ್ತಿದೆ. ಕೆರೆಯ ತೂಬಿನಂತೆ ಸಣ್ಣ ಕಿಂಡಿಯಿಟ್ಟು, ಗಾಳಿಯನ್ನು ಸ್ವಲ್ಪಸ್ವಲ್ಪವೇ ಬಿಟ್ಟು, ಒತ್ತಡ ಸಮವಾದ ಮೇಲೆ ಎರಡನೇ ಕದ ತೆಗೆಯುವ ಯೋಜನೆ. ಎರಡು ಟನ್ ತಡೆಯಲು ಹಲಗೆ ಎಷ್ಟು ದಪ್ಪ ಬೇಕು ಎಂದು ಕೇಳಿದ್ದಾಳೆ. ಬರುವ ಭಾನುವಾರ ಆಟ ನಡೆಸುವುದು ನಾನಲ್ಲ, ಹಾಗಾಗಿ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೊಟ್ಟಿದ್ದೇನೆ.