ಹನ್ನೊಂದನೇ ವಚನ ಗೊತ್ತಿತ್ತು, ಐದನೆಯದು ಗೊತ್ತಿರಲಿಲ್ಲ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ ಒಂದು ತಟ್ಟೆ ತರುತ್ತಾರೆ. ಅದರ ತುಂಬ ಮಗುಚಿಟ್ಟ ವಾಗ್ದಾನದ ಕಾರ್ಡುಗಳು, ಒಂದೊಂದರಲ್ಲೂ ಬೈಬಲ್ಲಿನ ಒಂದು ವಚನ. ಒಬ್ಬೊಬ್ಬರೂ ಒಂದೊಂದು ಎತ್ತಿಕೊಳ್ಳಬೇಕು. ಆ ವರ್ಷ ನನ್ನ ಕೈಗೆ ಬಂದದ್ದು ಯೆರೆಮೀಯ 29:11. ನಿಮ್ಮ ಬಗ್ಗೆ ನಾನು ಯೋಚಿಸಿರುವುದು ಒಳ್ಳೆಯದನ್ನೇ, ಕೆಟ್ಟದ್ದನ್ನಲ್ಲ ಅಂತ ದೇವರು ಹೇಳುವ ಮಾತು. ಕ್ರೈಸ್ತರ ಮನೆಗೆ ಹೋದರೆ ಕ್ಯಾಲೆಂಡರಿನಲ್ಲೋ ಗೋಡೆಯ ಮೇಲೋ ಇದು ಕಂಡೇ ಕಾಣುತ್ತದೆ ಅಲ್ವಾ.

ನಾನದನ್ನು ಧಾರವಾಡದ ಸಪ್ತಾಪುರದ ನನ್ನ ರೂಮಿನಲ್ಲಿ ಟೇಬಲ್ ಲ್ಯಾಂಪಿಗೆ ಅಂಟಿಸಿದ್ದೆ. ಸರ್ಕಾರಿ ಅಧಿಕಾರಿಯಾಗಬೇಕು ಅಂತ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೆ. ಒಟ್ಟು 6 ವರ್ಷ. ಪ್ರಿಲಿಮ್ಸ್ ಎರಡು ಸಲ ಪಾಸಾಯಿತು, ಮೇನ್ಸ್ ದಾಟಲಿಲ್ಲ. ಪ್ರಥಮ ದರ್ಜೆ ಸಹಾಯಕರ ಎಫ್‌ಡಿಎ ಪರೀಕ್ಷೆ ಎರಡು ಅಂಕದಲ್ಲಿ ಹೋಯಿತು. ಕಾರ್ಡಿನ ಅಂಚು ಲ್ಯಾಂಪಿನ ಕಾವಿಗೆ ಕಂದಾಯಿತು. ದಿನಕ್ಕೊಂದು ಮೋಟಿವೇಷನ್ ವಿಡಿಯೊ ನೋಡುತ್ತಿದ್ದೆ. ಅದರ ಹುರುಪು ಮಧ್ಯಾಹ್ನದ ಊಟದವರೆಗೂ ಉಳಿಯುತ್ತಿರಲಿಲ್ಲ.

ಕೊನೆಗೆ ಪುಸ್ತಕಗಳನ್ನು ಎರಡು ಚೀಲಕ್ಕೆ ತುಂಬಿ ಗದಗದ ಪಕ್ಕದ ನಮ್ಮೂರು ಬೆಟಗೇರಿಗೆ ಬಂದೆ. ಭಾನುವಾರ ಚರ್ಚಿಗೆ ಹೋದರೆ ‘ಮುಂದೇನಪ್ಪಾ?’ ಅಂತ ಕೇಳುವವರೇ. ಅದಕ್ಕೇ ಕಡೆಯ ಕೀರ್ತನೆ ಶುರುವಾಗುತ್ತಿದ್ದಂತೆ ಎದ್ದುಬಿಡುತ್ತಿದ್ದೆ. ಪ್ರಾರ್ಥನೆ ಅಂತ ಕೂತರೆ ಜಗಳವೇ ಬರುತ್ತಿತ್ತು. ನೀನೇ ತಾನೇ ಮಾತು ಕೊಟ್ಟದ್ದು?

ಒಂದು ದಿನ ಅದೇ ಸಿಟ್ಟಿನಲ್ಲಿ, ಆ ವಚನ ಎಲ್ಲಿಂದ ಬಂತು ನೋಡೇಬಿಡೋಣ ಅಂತ ಇಡೀ ಅಧ್ಯಾಯ ಓದಿದೆ. ಕಾರ್ಡು ಬಿಟ್ಟು ಸತ್ಯವೇದ ತೆರೆದು ಅದನ್ನು ಓದಿದ್ದು ಅದೇ ಮೊದಲು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅದು ಒಂದು ಪತ್ರ. ಬಾಬೆಲಿನ ಅರಸ ನೆಬೂಕದ್ನೆಚ್ಚರ ತನ್ನ ದೇಶಕ್ಕೆ ಸೆರೆ ಒಯ್ದಿದ್ದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬರೆದದ್ದು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಪ್ರವಾದಿ ಇದ್ದಾನೆ. ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ, ಎಲ್ಲರೂ ವಾಪಸ್ ಬರುತ್ತಾರೆ ಅಂತ ದೇವಾಲಯದಲ್ಲೇ ನಿಂತು ಸಾರುತ್ತಾನೆ. ಓದುವಾಗ ನನಗೆ ಕೋಚಿಂಗ್ ಬೋರ್ಡುಗಳು ನೆನಪಾಗಿ ನಗು ಬಂತು. ಯೆರೆಮೀಯನ ಲೆಕ್ಕವೇ ಬೇರೆ. 70 ವರ್ಷ. ಅಂದರೆ ಆ ಪತ್ರ ಕೇಳಿಸಿಕೊಂಡ ಹೆಚ್ಚಿನವರು ಅಲ್ಲೇ ಸಾಯಬೇಕು. ನನ್ನ ಲ್ಯಾಂಪಿನ ಮೇಲಿದ್ದ ಮಾತು ಆ 70 ವರ್ಷದ ಮಾತಿನ ಬೆನ್ನಿಗೇ ಬರುತ್ತದೆ. ಆ 70 ವರ್ಷವನ್ನು ಯಾವ ಕಾರ್ಡಿನಲ್ಲೂ ಅಚ್ಚು ಹಾಕುವುದಿಲ್ಲ.

ಹಾಗಾದರೆ ಅಲ್ಲಿಯವರೆಗೆ ಏನು ಮಾಡಬೇಕು? ಅದು ಐದನೇ ವಚನದಲ್ಲಿದೆ. ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ. ಏಳರಲ್ಲಿ ಇನ್ನೂ ಮುಂದೆ ಹೋಗಿ, ನೀವು ಸೆರೆಯಿರುವ ಆ ಊರಿಗೇ ಒಳ್ಳೆಯದನ್ನು ಬಯಸಿ, ಅದಕ್ಕಾಗಿ ಪ್ರಾರ್ಥಿಸಿ ಅನ್ನುತ್ತದೆ. ನಾನು ಬೆಟಗೇರಿಗಾಗಿ ಒಂದು ದಿನವೂ ಪ್ರಾರ್ಥಿಸಿರಲಿಲ್ಲ. ಇಲ್ಲಿಂದ ಬಿಡಿಸು ಅಂತ ಮಾತ್ರ ಕೇಳಿದ್ದೆ.

ಓದಿದ ತಕ್ಷಣ ಏನೂ ಬದಲಾಗಲಿಲ್ಲ. ಅವ್ವನೇ ದಾರಿ ತೆಗೆದಳು. ‘ಎಷ್ಟ್ ದಿನಾ ಗ್ವಾಡಿ ನೋಡ್ಕೋತ ಕುಂದರ್ತಿ? ಹಿಂದಿನ ಮನಿ ಹುಡುಗಗ ಭಾಗಾಕಾರ ಬರವಲ್ದಂತ. ಹೇಳಿಕೊಡು.’ ನೇಕಾರರ ಮನೆಯ ಹುಡುಗ, ಐದನೇ ತರಗತಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಇಲ್ಲಿಗೆ ಬಂದದ್ದು 1841ರಲ್ಲಿ. ಈ ಊರಲ್ಲಿ ಮಗ್ಗ, ಚರ್ಚು ಎರಡೂ ಇವೆ. ಆದರೂ ನಾನು ಒಂದು ಮಗ್ಗದ ಮನೆಯೊಳಗೆ ಸರಿಯಾಗಿ ಕಾಲಿಟ್ಟಿರಲಿಲ್ಲ. ಅವನಿಗೆ ಏಳರ ಮಗ್ಗಿಯೇ ಬರುತ್ತಿರಲಿಲ್ಲ. ಮೊದಲ ದಿನ ನನಗೆ ಸಹನೆ ತಪ್ಪಿ ಬೈದೆ. ಮರುದಿನ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಬಂದ, ಜೊತೆಗೆ ತಂಗಿಯನ್ನೂ ಕರೆದುಕೊಂಡು ಬಂದ.

ಈಗ ಪಾಠಕ್ಕೆ 14 ಮಕ್ಕಳು ಬರುತ್ತಾರೆ. ಹಗಲು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ 6ಕ್ಕೆ ನಮ್ಮ ಪಡಸಾಲೆಯಲ್ಲಿ ಪಾಠ. ದುಡ್ಡು ತೆಗೆದುಕೊಳ್ಳುವುದಿಲ್ಲ, ಧರ್ಮದ ಮಾತೂ ಎತ್ತುವುದಿಲ್ಲ. ಅವರು ಬಂದಿರುವುದು ಲೆಕ್ಕಕ್ಕೆ. ಬೆಳಿಗ್ಗೆ ಸತ್ಯವೇದದ ಒಂದು ಪೂರ್ತಿ ಅಧ್ಯಾಯ ಓದುತ್ತೇನೆ, ಬಿಡಿ ವಚನ ಹೆಕ್ಕುವುದನ್ನು ಬಿಟ್ಟಿದ್ದೇನೆ. ಕತ್ತಲೆಯಲ್ಲೇ ಮುಗಿಯುವ 88ನೇ ಕೀರ್ತನೆ ಬಂದರೂ ಹಾರಿಸುವುದಿಲ್ಲ. ಆಮೇಲೆ ಒಂದು ಹಾಳೆಯಲ್ಲಿ ಆ ದಿನ ನನ್ನ ಎದುರು ಕೂರುವವರ ಹೆಸರು ಬರೆದು ಪ್ರಾರ್ಥಿಸುತ್ತೇನೆ. ಮೊದಲು ‘ನನ್ನ ಜೀವನದ ಉದ್ದೇಶ’ ಅಂತ ಪುಟಗಟ್ಟಲೆ ಬರೆಯುತ್ತಿದ್ದೆ. ಈಗ ಹೆಸರುಗಳು ಸಾಕಾಗುತ್ತವೆ.

ಸುಳ್ಳು ಯಾಕೆ ಹೇಳಲಿ, ಫಲಿತಾಂಶದ ಪಟ್ಟಿಯಲ್ಲಿ ಗೆಳೆಯನ ಹೆಸರು ಕಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಂಥ ದಿನ ಪಾಠಕ್ಕೆ ರಜೆ ಕೊಡೋಣ ಅನಿಸುತ್ತದೆ. ಆದರೆ ಕರೆಂಟ್ ಹೋದರೆ ಪವರ್‌ಲೂಮಿನ ಸದ್ದು ನಿಲ್ಲುತ್ತದೆ, ಮಕ್ಕಳು 5ಕ್ಕೇ ಬಂದು ಬಾಗಿಲು ಬಡಿಯುತ್ತಾರೆ. ಮೇಣದ ಬತ್ತಿ ಹುಡುಕಬೇಕಾಗುತ್ತದೆ.