ಎರಡನೇ ಸೂಜಿಗೆ ಬಾರದ ಕೂಸುಗಳು

ಶಿರಹಟ್ಟಿ ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ನಾನು ಸಿಸ್ಟರ್. ಗುರುವಾರ ಲಸಿಕೆ ದಿನ. ಹುಟ್ಟಿದಾಗ ಕ್ಷಯಕ್ಕೆ ಹಾಕುವ ಬಿಸಿಜಿ ತಪ್ಪುವುದು ಕಡಿಮೆ, ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದಲ್ವಾ. ಒಂದೂವರೆ ತಿಂಗಳಿಗೂ ಬರುತ್ತಾರೆ. ಎರಡೂವರೆ ತಿಂಗಳಿಗೆ ಮಾತ್ರ ಕೆಲವು ಕೂಸುಗಳು ಬರುತ್ತಲೇ ಇರಲಿಲ್ಲ.

ಕಾರಣ ಹೇಳಿದ್ದು ತಾಂಡಾದ ಒಬ್ಬ ತಾಯಿ. ಮೊದಲ ಸೂಜಿಯ ರಾತ್ರಿ ಮಗುವಿಗೆ ಮೈ ಸುಡುವ ಜ್ವರ, ತೊಡೆಯಲ್ಲಿ ಗಂಟು. 'ಚೆನ್ನಾಗಿದ್ದ ಕೂಸಿಗೆ ಯಾಕೆ ಚುಚ್ಚಿಸಿಕೊಂಡು ಬಂದೆ' ಅಂತ ಅತ್ತೆ ಬೈದಳಂತೆ. ಜ್ವರ ಬರಬಹುದು ಅಂತ ನಾನು ಹೇಳಿಯೇ ಇರಲಿಲ್ಲ. ಹೇಳಿದರೆ ಹೆದರಿ ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ತಪ್ಪು ನನ್ನದೇ.

ಅಂದಿನಿಂದ ಸೂಜಿ ಹಾಕುವ ಮೊದಲೇ ಎಲ್ಲ ಹೇಳುತ್ತೇನೆ. ಅತ್ತೆಯನ್ನೂ ಕರೆದುಕೊಂಡು ಬನ್ನಿ ಅನ್ನುತ್ತೇನೆ. ಎಡ ತೊಡೆಗೆ ಹಾಕುವುದು ಪೆಂಟಾ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಕ್ಕೆ ಅದೊಂದೇ ಸೂಜಿ. ಇದರಿಂದ ಜ್ವರ ಬರಬಹುದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಗಂಟನ್ನು ತಿಕ್ಕಬೇಡಿ, ಅರಿಶಿನ ಹಚ್ಚಬೇಡಿ. ಎದೆಹಾಲು ನಿಲ್ಲಿಸಬೇಡಿ. ಜ್ವರದ ಔಷಧಿ ಎಷ್ಟು ಕೊಡಬೇಕು ಅಂತ ತೋರಿಸಿ ಕಳಿಸುತ್ತೇನೆ. ಅರ್ಧ ಗಂಟೆ ಕೂರಿಸಿಕೊಳ್ಳುತ್ತೇವಲ್ಲ, ಈ ಮಾತಿಗೆ ಅದೇ ಒಳ್ಳೆಯ ಹೊತ್ತು. ಮರುದಿನ ಆಶಾ ಕಾರ್ಯಕರ್ತೆ ಮನೆಗೆ ಹೋಗುತ್ತಾಳೆ. ಜ್ವರ ಬಂದಿದ್ದರೆ 'ಸಿಸ್ಟರ್ ಹೇಳಿದ್ದರಲ್ಲ' ಅಂತ ಅತ್ತೆಯೇ ಅನ್ನುತ್ತಾಳೆ.

ಇನ್ನೊಂದು ಮಾತು ನನಗೆ ತುಂಬಾ ಕೆಲಸಕ್ಕೆ ಬಂದಿದೆ. ಒಂದೂವರೆ ತಿಂಗಳಿಗೆ ಮೂರು ಸೂಜಿ: ಎರಡು ತೊಡೆಗೆ ಎರಡು, ಬಲ ತೋಳಿಗೆ ಪೋಲಿಯೋದ್ದೊಂದು. ಕೂಸು ಚೀರುವುದನ್ನು ನೋಡಿ ತಾಯಿಯ ಕಣ್ಣಲ್ಲೂ ನೀರು. ಆಗ ಹೇಳುತ್ತೇನೆ, 'ಮುಂದಿನ ಸಲ ಒಂದೇ ಸೂಜಿ, ಉಳಿದದ್ದು ಬಾಯಿಗೆ ಹನಿ ಅಷ್ಟೇ.' ನಿಜವೂ ಹೌದು. ಅವರ ಮುಖ ಹಗುರಾಗುತ್ತದೆ.

ತಡವಾಯಿತು ಅಂತ ನಾಚಿಕೆಯಿಂದ ಬಾರದವರೂ ಇದ್ದಾರೆ. ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು, ಮೊದಲಿಂದ ಶುರು ಮಾಡಬೇಕಿಲ್ಲ. ತಡವಾಗಿ ಬಂದ ತಾಯಿಗೆ ನಮ್ಮವರು ಬೈಯುವುದನ್ನು ನಾನು ಒಪ್ಪುವುದಿಲ್ಲ.

ದುಡಿಯಲು ಗೋವಾಕ್ಕೆ ಹೋಗುವ ಮನೆಗಳದ್ದು ಬೇರೆಯೇ ಕಷ್ಟ. ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಅಲ್ಲೇ ತಪ್ಪಿ ಹೋಗುತ್ತದೆ. ಹೊರಡುವ ಮೊದಲೇ ಲಸಿಕೆ ಬರೆದಿಡುವ ತಾಯಿ ಕಾರ್ಡಿನ ಫೋಟೋ ಅವರ ಮೊಬೈಲಿಗೆ ಹಾಕಿಕೊಡುತ್ತೇನೆ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೂ ಪುಕ್ಕಟೆ ಹಾಕುತ್ತಾರೆ. ಆಗದಿದ್ದರೆ ಹೋಳಿ ಹಬ್ಬಕ್ಕೆ ಊರಿಗೆ ಬರುತ್ತಾರೆ, ಆ ವಾರ ತಾಂಡಾದಲ್ಲೇ ಇನ್ನೊಂದು ದಿನ ಕೂರುತ್ತೇನೆ. ದಡಾರದ ಸೀಸೆಗೆ ನೀರು ಬೆರೆಸಿದ ಮೇಲೆ ನಾಲ್ಕೇ ಗಂಟೆ, ಉಳಿದದ್ದು ದಂಡ. ಆದರೂ ಒಂದೇ ಕೂಸು ಬಂದಿದ್ದರೂ ನಾನು ಸೀಸೆ ತೆರೆಯುತ್ತೇನೆ.