ಪಾಟೀ ಸವಾಲು ನಾ ಹೆಂಗ ಮಾಡ್ತೀನಿ: ಸಿಂಧನೂರು ಕಡೆ ವಕೀಲನ ಅನುಭವ

ನಮ್ಮ ರಾಯಚೂರು ಜಿಲ್ಲೆದಾಗ ಹೊಡೆದಾಟದ ಕೇಸ್ ಅಂದ್ರ ಜಾಸ್ತಿ ಹೊಲದ ಬದುವಿಂದು, ಇಲ್ಲಾ ಕಾಲುವೆ ನೀರಿಂದು. ಸಿಂಧನೂರು ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಕೊನೆ ಭಾಗಕ್ಕ ನೀರು ಬರೋ ಟೈಮಿಗೆ ರಾತ್ರಿ ತೂಬಿನ ಹತ್ರ ಜಗಳ, ಬೆಳಿಗ್ಗೆ ಎಫ್ಐಆರ್.

ಇಂಥ ಕೇಸಿನ್ಯಾಗ ಆರೋಪಿ ಪರ ನಿಂತ್ರ ನಾ ಚಾರ್ಜ್‌ಶೀಟ್ ಓದಿ ಮೊದ್ಲು ಸ್ಥಳಕ್ಕ ಹೋಗ್ತೀನಿ, ಅದೂ ಘಟನೆ ನಡೀತು ಅನ್ನೋ ಹೊತ್ತಿಗೇ. ಪಂಚನಾಮೆದಾಗ ಬೀದಿ ದೀಪದ ಬೆಳಕಿತ್ತು ಅಂತ ಬರ್ದಿರ್ತಾರ, ಹೋಗಿ ನೋಡಿದ್ರ ಕಂಬ ಎಲ್ಲೋ ತೂಬು ಎಲ್ಲೋ, ನಡುವ ಜಾಲಿ ಗಿಡ. ಅವತ್ತು ಆ ಲೈನಿಗೆ ಕರೆಂಟ್ ಇತ್ತೋ ಇಲ್ಲೋ ನೋಡಾಕ ಕರೆಂಟ್ ಕಂಪನಿ ಜೆಸ್ಕಾಂನ ಸಬ್‌ಸ್ಟೇಷನ್ ಲಾಗ್‌ಬುಕ್ ತರಿಸ್ರಿ ಅಂತ ಕೋರ್ಟಿಗೆ ಅರ್ಜಿ ಹಾಕ್ತೀನಿ. ಇದಕ್ಕ ದೊಡ್ಡ ಸೀನಿಯರ್ ಆಗಿರಬೇಕಂತಿಲ್ಲ, ಬೈಕಿಗೆ ಪೆಟ್ರೋಲ್ ಇದ್ರ ಸಾಕು.

ಪಾಟೀ ಸವಾಲು ಅಂದ್ರ ಎದುರು ಪಕ್ಷದ ಸಾಕ್ಷಿಗೆ ಪ್ರಶ್ನೆ ಕೇಳೋದು. ಸಾಕ್ಷಿ ಕಟಕಟೆಗೆ ಬಂದಾಗ ಜೋರು ಮಾಡಂಗಿಲ್ಲ, ನಮ್ಮ ಮಾತಿನ್ಯಾಗೇ ಕೇಳ್ತೀನಿ. ಯಜಮಾನ್ರ, ನೀರು ತಿರುವಾಕ ಹೋಗಿದ್ರಿ ಹೌದಲ್ರಿ? ಹೌದ್ರಿ. ಕೈಯಾಗ ಬ್ಯಾಟ್ರಿ ಇತ್ತೇನ್ರಿ? ಇತ್ರಿ, ಕತ್ತಲಿ ಇತ್ತಲ್ರಿ ಮತ್ತ. ಅಷ್ಟು ಬಂತಾ, ವಕೀಲ ಸುಮ್ನ ಕುಂದ್ರಬೇಕು! ಹಂಗಾದ್ರ ಮುಖ ಹೆಂಗ ಕಂಡ್ತು ಅಂತ ಆಸೆಪಟ್ಟು ಇನ್ನೊಂದು ಕೇಳಿದ್ರೋ, ಅಂವ ದನಿ ಮ್ಯಾಲೆ ಗುರ್ತು ಹಿಡಿದೆ ರೀ ಅಂತಾನ, ಮಾಡಿದ್ದೆಲ್ಲಾ ನೀರಾಗ ಹೋತು.

ಕೆಲವ್ರು ನೀವು ಸುಳ್ಳು ಹೇಳ್ತಿದ್ದೀರಿ, ದ್ವೇಷಕ್ಕ ಹೇಳ್ತಿದ್ದೀರಿ ಅಂತ ಪುಟಗಟ್ಟಲೆ ಸಲಹೆ (ನಮ್ಮ ವಾದ ಸಾಕ್ಷಿ ಮುಂದಿಟ್ಟು ಹೌದೋ ಅಲ್ಲೋ ಅಂತ ಕೇಳೋದು) ಹಾಕ್ತಾರ, ಟೈಪ್ ಆಗೋದು ಬರೇ "ಎಂದರೆ ಸರಿಯಲ್ಲ, ಎಂದರೆ ಸರಿಯಲ್ಲ" ಅಂತ. ನಮ್ಮ ಡಿಫೆನ್ಸ್ ಏನು ಅಂತ ತಿಳಿಯೋವಷ್ಟು ಹಾಕಿದ್ರ ಸಾಕು, ನನ್ನ ಪ್ರಕಾರ.

ಖರೇ ಕೆಲಸ ಇರೋದು ಪೊಲೀಸ್ ಮುಂದ ಒಂದು, ಕೋರ್ಟಿನ್ಯಾಗ ಒಂದು ಹೇಳೋ ಸಾಕ್ಷಿ ಹತ್ರ. ತನಿಖೆದಾಗ ಪೊಲೀಸ್ರು ಬರ್ಕೊಂಡ 161 ಹೇಳಿಕೆದಾಗಿನ (ಹಳೇ ಸಿಆರ್‌ಪಿಸಿ ಕಲಂ 161, ಅದರ ಜಾಗಕ್ಕ ಬಂದ ಹೊಸಾ ಬಿಎನ್ಎಸ್ಎಸ್‌ದಾಗ 180) ಅದೇ ಸಾಲು ತೋರಿಸಿ, ಓದಿ ಹೇಳಿ, ನಾ ಹಂಗ ಹೇಳಿಲ್ಲ ಅಂತ ಸಾಕ್ಷಿ ಅಂದ್ರ ಆ ಸಾಲನ್ನ ಕೋರ್ಟಿನ ದಾಖಲೆದಾಗ ಗುರುತು ಮಾಡಿಸಬೇಕು. 2024 ಜುಲೈ 1ಕ್ಕಿಂತ ಮೊದ್ಲೇ ಟ್ರಯಲ್ ನಡೀತಿದ್ದ ಕೇಸಿಗೆ ಇದರ ಕಲಂ ಹಳೇ ಸಾಕ್ಷ್ಯ ಕಾಯ್ದೆದ 145, ಹೊಸಾವಕ್ಕ ಹೊಸಾ ಭಾರತೀಯ ಸಾಕ್ಷ್ಯ ಅಧಿನಿಯಮದ 148. ಅಲ್ಲಿಗೆ ಮುಗೀಲಿಲ್ಲ, ತನಿಖಾಧಿಕಾರಿ (ಐಓ) ಬಂದಾಗ ಅವರ ಬಾಯಿಂದ ಹೌದು ಸಾಕ್ಷಿ ನನ್ನ ಮುಂದ ಹಂಗೇ ಹೇಳಿದ್ದ ಅಂತ ಹೇಳಿಸ್ದಿದ್ರ ಅದು ಲೆಕ್ಕಕ್ಕ ಬರಂಗಿಲ್ಲ. ಐಓ ಸಾಹೇಬ್ರು ಟ್ರಾನ್ಸ್‌ಫರ್ ಆಗಿ ಎಲ್ಲೋ ಇರ್ತಾರ, ಅವ್ರು ಬರೋದ್ರಾಗ ವಕೀಲ್ರಿಗೇ ಮರ್ತು ಹೋಗಿರ್ತದ. ಅದಕ್ಕ ನಾ ಫೈಲಿನ ಮೊದಲ್ನೇ ಹಾಳಿ ಮ್ಯಾಲೇ ಕೆಂಪು ಪೆನ್ನಿಲೆ ಬರ್ಕೊಂಡಿರ್ತೀನಿ, ಯಾವ ಸಾಕ್ಷಿ, ಯಾವ ಸಾಲು, ಐಓಗೆ ಏನು ಕೇಳೋದು ಅಂತ.